ನೀಲಾಳ ಅಂಗೈ

ಬಚ್ಚಲಿನ ಬಾಗಿಲಿಗೆ ಬೆನ್ನು ಮಾಡಿ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಪರಮಾನಂದನಿಗೆ ತಾನು ಬೇಕೆಂದೇ ಬೆನ್ನು ಮಾಡಿದ್ದೇನೆಂಬುದು ಗೊತ್ತಿತ್ತು. ಒಳಗೆ ಅವ್ವ ಚನ್ನಕ್ಕ ಕಾಲು ಚಾಚಿ ಕೂತು, ಮೊಣಕಾಲುಗಳ ಮೇಲೆ ಮೊಮ್ಮಗಳನ್ನು ಬೋರಲು ಮಲಗಿಸಿಕೊಂಡು, ಬಿಸಿನೀರು ಹೊಯ್ಯುತ್ತ ತನಗಷ್ಟೇ ಅರ್ಥವಾಗುವ ಏನನ್ನೋ ಗುನುಗುತ್ತಿದ್ದಳು. ಕೂಸು ಕಿರುಚಲಿಲ್ಲ, ಕೇಕೆ ಹಾಕಿತು. ಈಗ ತಿರುಗಿದರೆ ಎರಡು ಒದ್ದೆ ಹಿಮ್ಮಡಿಗಳು ಕಾಣುತ್ತವೆ, ಕಂಡರೆ ನೋಡಬೇಕಾಗುತ್ತದೆ. ಮಗಳು ಹುಟ್ಟಿದಾಗಿನಿಂದ ಅವನು ಅವಳ ಕಣ್ಣು, ಹುಬ್ಬು, ತಲೆಯ ಸುಳಿ ಎಲ್ಲವನ್ನೂ ಕಣ್ತುಂಬ ನೋಡಿದ್ದ. ಅಂಗೈ ಅಂಗಾಲುಗಳನ್ನು ಮಾತ್ರ ನೋಡದೆ ದಿನ ಕಳೆದಿದ್ದ. ಎಳೆಗೂಸುಗಳು ಮುಷ್ಟಿ ಬಿಗಿದುಕೊಂಡೇ ಇರುತ್ತವಲ್ಲ, ಅದೊಂದು ದೊಡ್ಡ ಅನುಕೂಲವಾಗಿತ್ತು. ಆದರೆ ನೀಲಾ ಅಂಬೆಗಾಲಿಡಲು ಶುರು ಮಾಡಿದ ಮೇಲೆ ಮುಷ್ಟಿಗಳು ಬಿಚ್ಚಿಕೊಂಡವು. ಮಾಕಳಿಯ ಆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ, ನೆಲಕ್ಕೆ ಅಂಗೈ ಬಡಿಯುತ್ತ, ಅವನ ಚಪ್ಪಲಿಗಳನ್ನೇ ಗುರಿಯಿಟ್ಟುಕೊಂಡು ಅವಳು ಬರುವಾಗ ಅವನು ಆ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದ. ಕಳೆದ ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಕಿಟಕಿಯ ಬೆಳಕಿನಲ್ಲಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿಯೇಬಿಟ್ಟಿದ್ದ. ಅರಿಶಿನ ತೊಳೆದ ನೀರಿನ ಬಣ್ಣದ, ದಪ್ಪನೆಯ ಚರ್ಮ. ಮಣಿಕಟ್ಟಿನಲ್ಲಿ ಆ ಹಳದಿ ಮುಗಿಯುವ ಕಡೆ ಗೆರೆ ಕೊರೆದ ಹಾಗೆ ಸಣ್ಣ ಕೆಂಪು ಅಂಚು. ತನ್ನ ಮಣಿಕಟ್ಟಿನಲ್ಲೂ ಅದೇ ಅಂಚು, ಅದೇ ತಿರುವಿನಲ್ಲಿ. ಬೇರೆಯವರ ಪೆಟ್ಟಿಗೆ ತೆರೆದು ಸಿಕ್ಕಿಬೀಳುವ ಮೊದಲೇ ಮುಚ್ಚುವವನ ಹಾಗೆ ಆ ಬೆರಳುಗಳನ್ನು ಮಡಿಸಿಟ್ಟಿದ್ದ.

"ಸೆಕೆಂಡ್ ಶಿಫ್ಟ್ ಅಲ್ಲೇನ್ರೀ ಇವತ್ತ? ಇಷ್ಟ ಲಗೂನ ಎಲ್ಲಿಗೆ ಹೊಂಟ್ರಿ?" ಒಣಗಿದ ಬಟ್ಟೆ ಮಡಚುತ್ತಿದ್ದ ಹೆಂಡತಿ ಶೈಲಾ ಕೇಳಿದಳು.

"ನರೇಶ್ ಸರ್ ಲಗೂ ಬಾ ಅಂದಾರ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ನಾಚಿಕೆಯಾಯಿತು. ಶೈಲಾ ರೊಟ್ಟಿಯ ಬುತ್ತಿ ಕೈಗಿತ್ತು, ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚಾಗಿಯೇ ಅವನ ಮುಖ ನೋಡಿದಳು. ಕೂಸಿನ ಕೈಯ ವಿಷಯ ಇವಳಿಗೆ ಗೊತ್ತಾದರೆ? ಗೊತ್ತಾದ ದಿನ ಏನಂದಾಳು? ಮುಚ್ಚಿಟ್ಟು ಮದುವೆಯಾದೆ, ಈಗ ನನ್ನ ಕೂಸಿಗೂ ಕೊಟ್ಟೆ ಎಂದಾಳು. ಅಂದರೆ ತಪ್ಪೇನು?

ತುಮಕೂರು ರಸ್ತೆಯ ಬಸ್ಸಿನಲ್ಲಿ ನಿಂತು ಮೇಲಿನ ಕಂಬಿ ಹಿಡಿದಾಗ ಅಂಗೈಯ ಬಿರುಕು ಚುರ್ ಎಂದಿತು. ಪಕ್ಕದವನೊಬ್ಬ ಅವನ ಕೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ ತನ್ನ ಕೈಯನ್ನು ಕಂಬಿಯ ಆಚೆ ತುದಿಗೆ ಸರಿಸಿಕೊಂಡ. ಇದೇನು ಹೊಸದಲ್ಲ. ಪೀಣ್ಯದ ಕಾರ್ಖಾನೆಗೆ ಸೇರಿದ ಹೊಸದರಲ್ಲಿ ಹಾಜರಿಯ ಯಂತ್ರ ಅವನ ಹೆಬ್ಬೆರಳನ್ನು ಗುರುತಿಸದೆ, ಮತ್ತೆ ಪ್ರಯತ್ನಿಸಿ, ಮತ್ತೆ ಪ್ರಯತ್ನಿಸಿ ಎಂದು ಹೆಣ್ಣುದನಿಯಲ್ಲಿ ಗೋಗರೆಯುತ್ತಿದ್ದರೆ ಹಿಂದೆ ಸಾಲು ಬೆಳೆಯುತ್ತಿತ್ತು. "ಏನ್ ಗುರು, ಮಷೀನ್‌ಗೂ ನಿನ್ ಮೇಲೆ ನಂಬಿಕೆ ಇಲ್ವಲ್ಲೋ" ಎಂದು ಸೂಪರ್‌ವೈಸರ್ ನರೇಶ್ ನಕ್ಕಿದ್ದ. ನಕ್ಕವನೇ ಆಫೀಸಿಗೆ ಹೋಗಿ ಜಗಳವಾಡಿ ಇವನಿಗೊಬ್ಬನಿಗೆ ಕಾರ್ಡು ಮಾಡಿಸಿಕೊಟ್ಟಿದ್ದ. ಆ ನಗುವೇ ನೆನಪಾಗುತ್ತದೆ, ಕಾರ್ಡು ಆಗುವುದಿಲ್ಲ, ಯಾಕೆ? ಪುಣೆಯಿಂದ ಗಿರಾಕಿಗಳು ಬಂದು ಸಾಲಾಗಿ ಎಲ್ಲರ ಕೈ ಕುಲುಕುತ್ತ ಬಂದಾಗ ಅವನು ಎರಡೂ ಕೈಯಲ್ಲಿ ಎಣ್ಣೆಬಟ್ಟೆ ಹಿಡಿದು ತಲೆಬಾಗಿ ನಮಸ್ಕಾರ ಮಾಡಿದ್ದ, ಅವರು ಅದನ್ನು ವಿನಯವೆಂದು ತಿಳಿದಿದ್ದರು. ಅಮೀನಗಡಕ್ಕೆ ಹೆಣ್ಣು ನೋಡಲು ಹೋಗುವ ದಿನ ಬೆಳಿಗ್ಗೆ ಬಚ್ಚಲಲ್ಲಿ ಕೂತು, ಬಿಸಿನೀರಲ್ಲಿ ಕೈ ನೆನೆಸಿ, ಹೊಸ ಬ್ಲೇಡಿನಿಂದ ಅಂಗೈ ಹೆರೆದಿದ್ದ. ಮೊದಮೊದಲು ಮೇಣದ ಚೂರುಗಳಂತೆ ನೋವಿಲ್ಲದೆ ಏಳುತ್ತಿತ್ತು. ಇನ್ನೊಂದು ಪದರ, ಇನ್ನೊಂದೇ ಪದರ ಎನ್ನುತ್ತ ಹೋದಂತೆ ಒಳಗಿನಿಂದ ಬೇರೆಯದೇ ಒಂದು ಕೈ, ನುಣ್ಣನೆಯ, ಎಲ್ಲರಂಥ ಒಂದು ಕೈ ಸಿಗುತ್ತದೆಂಬ ಆಸೆ ಹುಟ್ಟಿತ್ತು. ಸಿಕ್ಕಿದ್ದು ರಕ್ತ. ಕರ್ಚೀಫು ಸುತ್ತಿಕೊಂಡು ಹೋಗಿ ಬೆರಳಿಗೆ ಬಾಗಿಲು ಬಡಿಯಿತೆಂದು ಹೇಳಿದ್ದ. ಆಮೇಲೂ ಬ್ಲೇಡು ಬಿಟ್ಟಿರಲಿಲ್ಲ.

ಇನ್ನೂ ಹಿಂದಕ್ಕೆ ಹೋಗಬಾರದು ಎನ್ನುವಷ್ಟರಲ್ಲಿ ಹೋಗಿಯಾಗಿತ್ತು. ಇಳಕಲ್ಲಿನ ನೇಕಾರರ ಓಣಿ, ಅವ್ವನ ಒಲೆ. ಅವ್ವ ತಟ್ಟಿದ ಜೋಳದ ರೊಟ್ಟಿ ಓಣಿಗೆಲ್ಲ ದೊಡ್ಡದು, ಕೆಂಡದಂಥ ಹೆಂಚಿನ ಮೇಲಿನ ರೊಟ್ಟಿಯನ್ನು ಬರಿಗೈಲಿ ಮಗುಚುವಾಗ ಹೆಂಗಸರೆಲ್ಲ ಬೆರಗಾಗುತ್ತಿದ್ದರು. ತಟ್ಟಿ ತಟ್ಟಿ ಚನ್ನಕ್ಕನ ಕೈ ಹಾಗಾಗಿವೆ ಎನ್ನುತ್ತಿದ್ದರು. ಒಂದು ರೊಟ್ಟಿಯನ್ನೂ ತಟ್ಟದ ತನ್ನ ಕೈ ಯಾಕೆ ಹಾಗಿದೆ ಎಂದು ಹುಡುಗ ಕೇಳಿದ್ದ. "ನಂದು ಬಂದೈತಿ ನಿನಗ" ಎಂದು ಅವಳು ಹೆಮ್ಮೆಯಿಂದ, ಹೌದು, ಹೆಮ್ಮೆಯಿಂದಲೇ ಹೇಳಿದಾಗ ಅವನು "ನಿಂದು ನನಗ್ಯಾಕ ಕೊಟ್ಟಿ? ನನಗ ಬ್ಯಾಡಾಗಿತ್ತು" ಎಂದು ಚೀರಿದ್ದ. ಅವ್ವ ರೊಟ್ಟಿ ಮಗುಚಿದಳು. ಆ ರೊಟ್ಟಿ ಕರಕಲಾಗಿತ್ತು.

ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಡಾಕ್ಟರ್ ಸುಕೃತಿ ಅವನಿಗಾಗಿಯೇ ಕಾದವರಂತೆ ಇದ್ದರು. ಅವನಿಗಿಂತ ಚಿಕ್ಕವರು, ಮೊನ್ನೆ ಅವನ ಅಂಗೈಗೆ ಸೂಜಿ ಚುಚ್ಚಿ ಜೋಮು ಹಿಡಿಸಿ ಕಾಳಿನಷ್ಟು ಚರ್ಮ ತೆಗೆದವರು. ಅವತ್ತು ಅವನು ಕೇಳಿದ್ದು ತನ್ನ ಕೈಯ ಬಗ್ಗೆ ಮಾತ್ರ, ಕೂಸಿನ ಸುದ್ದಿ ಎತ್ತಿರಲಿಲ್ಲ.

"ರಿಪೋರ್ಟ್ ಬಂತು ಪರಮಾನಂದ ಅವ್ರೇ. ಓದಿ ಹೇಳೋದಕ್ಕಿಂತ ನೋಡ್ತೀರಾ?"

"ಏನನ್ನ ಮೇಡಂ?"

"ನಿಮ್ಮ ಅಂಗೈನ. ಬನ್ನಿ, ಇದ್ರಲ್ಲಿ ಇಬ್ರೂ ಒಟ್ಟಿಗೆ ನೋಡ್ಬಹುದು."

ಸೂಕ್ಷ್ಮದರ್ಶಕಕ್ಕೆ ಎದುರುಬದುರು ಎರಡು ಜೊತೆ ಕಣ್ಣುಗಳಿದ್ದವು. ಅವನು ಬಗ್ಗಿದ. ಒಣಗಿದ್ದು, ಸತ್ತಿದ್ದು, ಕೊಳೆತದ್ದು ಏನೋ ಕಂಡೀತೆಂದು ಮೈಯೆಲ್ಲ ಬಿಗಿಹಿಡಿದಿದ್ದ. ಮೊದಲು ಬರಿಯ ಬೆಳಕು, ತನ್ನದೇ ರೆಪ್ಪೆಯ ನೆರಳು. ಆಮೇಲೆ ಡಾಕ್ಟರು ಏನನ್ನೋ ತಿರುಗಿಸಿದರು, ಗುಲಾಬಿ ಬಣ್ಣ ಒಮ್ಮೆಲೇ ತಿಳಿಯಾಯಿತು. ಗುಲಾಬಿಯ ಮೇಲೆ ಗುಲಾಬಿ, ಅಲೆಯ ಮೇಲೆ ಅಲೆ, ಎಷ್ಟು ಎತ್ತರಕ್ಕೂ ಮುಗಿಯದ ಮಡಿಕೆಗಳು. ಅದರ ಕೆಳಗೆ ನೇರಳೆ ಚುಕ್ಕಿಗಳು ಒತ್ತೊತ್ತಾಗಿ, ಜೋಳದ ತೆನೆಯಲ್ಲಿ ಕಾಳು ಕೂತ ಹಾಗೆ. ನಡುವೆ ಬೆಳ್ಳಗೆ ಅಲ್ಲಲ್ಲಿ ಖಾಲಿ ಜಾಗ. ಇಳಕಲ್ಲಿನ ಮಗ್ಗದ ಮೇಲೂ ಇಂಥ ಅಂಚು ಅವನು ನೋಡಿರಲಿಲ್ಲ. ಇದು ನನ್ನದೇ? ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದು, ಬ್ಲೇಡಿನಿಂದ ಹೆರೆದು ಬಚ್ಚಲಿಗೆ ಬಿಟ್ಟದ್ದು ಇದೇ?

"ಕೆಳಗಡೆ ಸಾಲಾಗಿ ನಿಂತಿದಾವಲ್ಲ, ಅವು ಹೊಸ ಜೀವಕೋಶಗಳು," ಡಾಕ್ಟರ್ ಸುಕೃತಿಯ ದನಿ ಆ ಬಣ್ಣದ ಆಚೆಯಿಂದ ಬಂತು. "ಅಲ್ಲಿ ಹುಟ್ಟಿ, ಮೇಲ್ಮೇಲೆ ಬರ್ತಾ ಚಪ್ಪಟೆ ಆಗಿ, ಗಟ್ಟಿ ಆಗಿ, ಕೊನೆಗೆ ಉದುರಿ ಹೋಗ್ತವೆ. ಎಲ್ಲರಿಗೂ ಹೀಗೇನೇ. ಪ್ರತಿಯೊಂದರ ಒಳಗೂ ಕೆರಟಿನ್ ಅಂತ ಎಳೆಗಳಿರ್ತವೆ. ಒತ್ತಡ ತಡ್ಕೊಳ್ಳೋದು ಆ ಎಳೆಗಳಿಂದ. ಅಂಗೈ ಅಂಗಾಲಿಗೆ ಅಂತಲೇ ಒಂದು ಬೇರೆ ಥರದ ಎಳೆ ಇದೆ. ನಿಮ್ಮಲ್ಲಿ ಅದು ಹುಟ್ಟಿನಿಂದಾನೇ ಸ್ವಲ್ಪ ತಪ್ಪಾಗಿ ತಯಾರಾಗತ್ತೆ. ಬಲೆ ಥರ ಹರಡ್ಕೊಳ್ಳೋ ಬದಲು ಮುದ್ದೆ ಕಟ್ಕೊಳತ್ತೆ. ಬೆಳ್ಳಗೆ ಕಾಣ್ತಿದೆಯಲ್ಲ, ಅಲ್ಲೆಲ್ಲ ಜೀವಕೋಶ ಒಡೆದಿದೆ."

"ಎಳಿ ಗಂಟಾದಂಗ," ಎಂದ ಅವನು, ಕಣ್ಣು ತೆಗೆಯದೆ.

"ಹೌದು. ಆಗ ಚರ್ಮ ಏನ್ಮಾಡತ್ತೆ ಹೇಳಿ? ಇಲ್ಲಿ ಒಡೀತಿದೆ, ಇಲ್ಲಿ ಕಾಯ್ಬೇಕು ಅಂತ ಪದರದ ಮೇಲೆ ಪದರ ಹಾಕ್ತಾನೇ ಹೋಗತ್ತೆ. ಅದಕ್ಕೇ ಇಷ್ಟು ದಪ್ಪ."

"ಅಂದ್ರ ಅದು ಕೆಟ್ಟು ನಿಂತಿಲ್ಲ? ಕೆಲಸ ಮಾಡಾಕತ್ತೈತಿ?"

"ಮಾಡ್ತಿದೆ. ಜಾಸ್ತೀನೇ ಮಾಡ್ತಿದೆ." ಅವರು ನಕ್ಕರು.

ಇಷ್ಟು ವರ್ಷ ತನ್ನನ್ನು ಕಾಯಲೆಂದು ಹಗಲಿರುಳು ದುಡಿಯುತ್ತಿದ್ದುದನ್ನು ಹೆರೆದು ಹೆರೆದು ಹಾಕಿದೆನಲ್ಲ ಎಂದು ತನ್ನ ಅಂಗೈಯ ಮೇಲೇ ಅವನಿಗೆ ಅಕ್ಕರೆ ಹುಟ್ಟಿತು. ಹುಟ್ಟಿದ್ದೇ ತಡ, ಕೂಸಿನ ಹಳದಿ ಬೆರಳು ನೆನಪಾಗಿ ತಲೆ ಎತ್ತಿದ.

"ಮೇಡಂ, ನನಗೊಬ್ಬಾಕಿ ಮಗಳದಾಳ್ರಿ."

ಡಾಕ್ಟರ್ ಸುಕೃತಿ ತಾವೂ ತಲೆ ಎತ್ತಿದರು. "ಅವಳ ಕೈ?"

ಅವನು ತನ್ನ ಅಂಗೈ ತೋರಿಸಿದ. "ಕಾಲೂ?" ಎಂದರು. ಹೌದೆಂದು ತಲೆಯಾಡಿಸಿದ.

"ನಿಮ್ಮ ತಾಯಿಗೂ ಇದೆ ಅಂದಿದ್ರಿ. ಇದು ಹಾಗೇ ಬರೋದು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ರೆ ಹುಟ್ಟೋ ಪ್ರತಿ ಮಗೂಗೂ ಅರ್ಧಕ್ಕರ್ಧ ಸಾಧ್ಯತೆ. ಬರೋದು ಬಿಡೋದು ಯಾರ ಕೈಲೂ ಇಲ್ಲ. ಅದರ ಆಯಸ್ಸಿಗೆ, ಬೆಳವಣಿಗೆಗೆ ಏನೂ ತೊಂದ್ರೆ ಇಲ್ಲ. ಓಡತ್ತೆ, ಓದತ್ತೆ, ಎಲ್ಲ ಮಾಡತ್ತೆ. ಚರ್ಮ ಮೆತ್ತಗಿಡೋಕೆ ಮುಲಾಮು ಹಚ್ಚಬೇಕು, ಬಿರುಕು ಬಿಡದ ಹಾಗೆ ನೋಡ್ಕೋಬೇಕು, ನಡೆಯೋಕೆ ಶುರು ಮಾಡಿದ ಮೇಲೆ ಮೆತ್ತನೆ ಚಪ್ಪಲಿ. ಬ್ಲೇಡ್ ಮಾತ್ರ ಬೇಡ." ಕೊನೆಯ ಮಾತನ್ನು ಅವರು ಅವನ ಕೈ ನೋಡುತ್ತ ಹೇಳಿದರು. "ಮಗೂನೂ ಕರ್ಕೊಂಡ್ಬನ್ನಿ, ನಿಮ್ಮ ತಾಯೀನೂ ಕರ್ಕೊಂಡ್ಬನ್ನಿ. ಮನೇಲಿ ನಿಮ್ಮ ಹೆಂಡ್ತಿಗೆ ಗೊತ್ತು ತಾನೇ?"

"ಗೊತ್ತೈತ್ರಿ," ಎಂದ. ಒಂದೇ ದಿನ ಎರಡನೆಯ ಸುಳ್ಳು.

ರಸ್ತೆಗೆ ಬಂದು ನರೇಶನಿಗೆ ಫೋನು ಮಾಡಿ ಇವತ್ತು ಬರಲಾಗುವುದಿಲ್ಲವೆಂದ. "ಯಾಕ್ ಗುರು, ಮನೇಲೆಲ್ಲ ಆರಾಮಾ?" ಎಂದು ಅವನು ಕೇಳಿದ. "ಆರಾಮ ಅದಾರ್ರಿ ಸರ್, ಭಾಳ ಆರಾಮ" ಎನ್ನುವಾಗ ಪರಮಾನಂದನಿಗೆ ಕಾರಣವಿಲ್ಲದೆ ನಗು ಬಂತು. ಲಾರಿಗಳು, ಫ್ಲೈಓವರಿನ ಕಂಬಗಳು, ಜನರ ಮುಖಗಳು ಎಲ್ಲದರ ಮೇಲೂ ಆ ಗುಲಾಬಿ ಬಣ್ಣ ತೆಳ್ಳಗೆ ಬಳಿದಂತಿತ್ತು. ಎಳನೀರು ಮಾರುವವನ ಮಚ್ಚು ಹಿಡಿದ ಅಂಗೈಯನ್ನು ನಿಂತು ನೋಡಿದ. ಅದರೊಳಗೂ ಈಗ ಸಾಲುಸಾಲಾಗಿ ಜೀವಕೋಶಗಳು ಹುಟ್ಟಿ ಮೇಲೇರುತ್ತಿವೆ, ಅವನಿಗೆ ಗೊತ್ತೇ ಇಲ್ಲ. ಮರುಕ್ಷಣವೇ ಸಂತೋಷಪಡಲು ತನಗೇನು ಹಕ್ಕು ಎನಿಸಿತು. ಶೈಲಾಳಿಗೆ ಹೇಳಬೇಕು. ಎಲ್ಲಿಂದ ಶುರು ಮಾಡುವುದು? ಕೆರಟಿನ್ನಿನಿಂದಲೋ, ಅಮೀನಗಡದ ಕರ್ಚೀಫಿನಿಂದಲೋ? ಬಸ್ಸಿನಲ್ಲಿ ತುಟಿಯಾಡಿಸುತ್ತ ಮಾತು ಜೋಡಿಸಿದ. ಪ್ರತಿ ಸಲವೂ ಶೈಲಾ ಆ ಮಾತಿನ ನಡುವೆಯೇ ಎದ್ದು, ಕೂಸನ್ನೆತ್ತಿಕೊಂಡು, ಊರಿನ ಬಸ್ಸು ಹತ್ತುತ್ತಿದ್ದಳು. ಮಾಕಳಿ ಬಂದರೂ ಇಳಿಯದೆ ಕೂತವನನ್ನು ಕಂಡಕ್ಟರು ಭುಜ ತಟ್ಟಿ ಇಳಿಸಿದ.

ಶೈಲಾ ಮನೆಯ ಮೇಲಿನ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಳು. ನೆರಳಿನಲ್ಲಿ ಚಾಪೆಯ ಮೇಲೆ ನೀಲಾ ಒಂದು ಬಟ್ಟೆಕ್ಲಿಪ್ಪನ್ನು ತಿನ್ನಲು ನೋಡುತ್ತಿದ್ದಳು. ಅಪ್ಪನನ್ನು ಕಂಡದ್ದೇ ಕ್ಲಿಪ್ಪು ಬಿಟ್ಟು ಅಂಗೈ ಬಡಿಯುತ್ತ ಹೊರಟಳು. ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿ ಅವನು ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು, ಅವಳ ಎರಡೂ ಕೈ ಹಿಡಿದು ಅಂಗೈ ಮೇಲೆ ಮಾಡಿ ಹೆಂಡತಿಯತ್ತ ಚಾಚಿದ.

"ಶೈಲಾ, ಇಲ್ಲಿ ನೋಡು. ಕೂಸಿಗೆ ನನ್ನ ಕೈ ಬಂದಾವ. ದವಾಖಾನಿಗೆ ಹೋಗಿದ್ದೆ ನಾನು, ಶಿಫ್ಟಿಗಲ್ಲ. ನನ್ನಿಂದನ ಬಂದೈತಂತ. ನಿನಗ ಹೆಂಗ ಹೇಳಲಿ ತಿಳೀಲಿಲ್ಲ."

ಹೇಳಿ ಮುಗಿಸಿ ಕಣ್ಣು ಮುಚ್ಚಿಕೊಂಡ. ಅವಳು ಕೊಡವುತ್ತಿದ್ದ ಲಂಗದ ನೀರು ಮುಖಕ್ಕೆ ಸಿಡಿಯಿತು.

"ಅಯ್ಯ! ಇದನ್ನ ಹೇಳಾಕ ಶಿಫ್ಟ್ ಬಿಟ್ಟು ಬಂದ್ರೇನು?"

ಕಣ್ಣು ತೆರೆದ. ಅವಳು ನಗುತ್ತಿದ್ದಳು. ಅಣಕದ ನಗೆಯಲ್ಲ, ಬಹಳ ದಿನದಿಂದ ತಡೆದುಕೊಂಡಿದ್ದವರ ನಗೆ.

"ನಿನಗ ಗೊತ್ತಿತ್ತಾ?"

"ದಿನಾ ಎಣ್ಣಿ ಹಚ್ಚಾಕಿ ನಾನು, ಎರಿಯಾಕಿ ಅತ್ತಿ. ನಮಗ ಗೊತ್ತಾಗದ್ದು ನಿಮಗ ಗೊತ್ತಾಗತೈತೇನು? ಅಕಿ ಇನ್ನೂ ಮಗ್ಗಲಾ ಹೊರಳತಿದ್ದಿಲ್ಲ, ಅವಾಗ ನೋಡೀನಿ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಅತ್ತಿ ಬ್ಯಾಡ ಅಂದ್ರು. ಸಣ್ಣಾಂವ ಇದ್ದಾಗ ತನ್ನ ಕೈ ನೋಡ್ಕೊಂಡು ಅಳತಿದ್ದ, ಈಗ ಕೂಸಿನ ಕೈ ನೋಡಿ ಮತ್ತ ಕುಂತ ಅಳತಾನ, ತಾನಾಗೇ ನೋಡೂತನಕ ಸುಮ್ಮನಿರು ಅಂದ್ರು. ನೀವು ನೋಡಿದ್ರ ಕೂಸಿನ ಕೈಯಾಗ ಹಾವು ಕುಂತಂಗ ಅತ್ತ ಮಾರಿ ಮಾಡಿ ತಿರಗತೀರಿ. ಮಾರಿ ಮ್ಯಾಲೆ ಎಲ್ಲಾ ಬರದಿರತೈತಿ ನಿಮಗ."

ಅವನಿಗೆ ಮೊದಲು ಸಿಟ್ಟು ಬಂತು. ಇಷ್ಟು ದಿನ ತಾನು ಇವರನ್ನು ಕಾಯುತ್ತಿದ್ದೇನೆಂದು ತಿಳಿದರೆ ಇವರಿಬ್ಬರೂ ಸೇರಿ ತನ್ನನ್ನು ಕಾಯುತ್ತಿದ್ದರಲ್ಲ, ಅದೂ ಅಳುವ ಹುಡುಗನೆಂದು! ಆ ಅವಮಾನ ಒಂದು ಗಳಿಗೆ ಕಿವಿಯನ್ನು ಬಿಸಿ ಮಾಡಿತು. ಆದರೂ ಉಳಿದದ್ದನ್ನು ಹೇಳಿಬಿಡಬೇಕೆಂದು, "ಅಮೀನಗಡಕ್ಕ ಬಂದಾಗ ನಾ ಕೈ ಮುಚ್ಚಿಟ್ಟಿದ್ದೆ" ಎಂದ.

"ಮುಚ್ಚಿಡಾಕ ಎಲ್ಲಿ ಬಂತು ನಿಮಗ? ಒಂದು ಕೈಗೆ ಕರ್ಚೀಫು, ಇನ್ನೊಂದು ಕೈಯಾಗ ಸುಡೂ ಚಹಾದ ಗಲಾಸು. ಉಳಿದವರೆಲ್ಲ ಸೆರಗು, ಟವೆಲ್ ಹಚ್ಚಿ ಹಿಡದ್ರ ನೀವು ಬರಿಗೈಲೆ ಹಾಂಗ ಹಿಡ್ಕೊಂಡು ಕುಂತಿದ್ರಿ, ಅದರ ಖಬರ ನಿಮಗಿಲ್ಲ. ನಮ್ಮ ಸಣ್ಣವ್ವ ಕಿವಿಯಾಗ ಅಂದ್ಲು, ನೋಡ ಶೈಲಾ, ಭಾಳ ದುಡಿಯೂ ಹುಡುಗ ಅದಾನ, ಅವನ ಕೈ ನೋಡು ಅಂತ. ನಾನೂ ಹೌದಂತ ಒಪ್ಪಿದೆ. ಆಮ್ಯಾಲ ನೋಡಿದ್ರ ದುಡದದ್ದಲ್ಲ, ಹುಟ್ತಾನ ತಂದದ್ದು! ಮೋಸ ಆತು ನನಗ!"

ಅವಳು ಲಂಗವನ್ನು ಹಗ್ಗದ ಮೇಲೆ ಒಗೆದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಮ್ಮ ನಕ್ಕದ್ದಕ್ಕೆ ಕೂಸು ನಕ್ಕಿತು. ಪರಮಾನಂದ ಒಬ್ಬನೇ ಎಷ್ಟು ಹೊತ್ತು ಸುಮ್ಮನಿದ್ದಾನು? ಮೊದಲು ಮೂಗಿನಿಂದ ಒಂದು ಸದ್ದು ಬಂತು, ಆಮೇಲೆ ಹೊಟ್ಟೆಯಿಂದ. ನಗುತ್ತ ನಗುತ್ತ ಅತ್ತೇಬಿಟ್ಟ. "ನೋಡ್ರಿ, ಅತ್ತಿ ಹೇಳಿದ್ದ ಖರೆ ಆತು" ಎಂದು ಶೈಲಾ ಅವನ ಮುಖವನ್ನು ಸೆರಗಿನಿಂದ ಒರೆಸಿದಳು.

ಕೆಳಗೆ ಒಲೆಯ ಮುಂದೆ ಕೂತಿದ್ದ ಚನ್ನಕ್ಕ ಮಗ ಬಂದದ್ದನ್ನೂ, ಮೇಲಿನ ನಗೆಯನ್ನೂ ಕೇಳಿಸಿಕೊಂಡು ಎಲ್ಲವನ್ನೂ ಊಹಿಸಿದ್ದಳು. ಅವನು ಎದುರಿಗೆ ಕೂತಾಗ ತಲೆ ಎತ್ತದೆ ಹೇಳಿದಳು: "ಬಣ್ಣ ನಿಮ್ಮಪ್ಪಂದು ಬಂದೈತಿ, ಮೂಗು ಬೀಗತೀದು, ಕೈ ನಂದು. ಎಲ್ಲಾರೂ ಒಂದೊಂದು ಕೊಟ್ಟೀವಿ ಕೂಸಿಗೆ. ನೀ ಬ್ಯಾಡ ಅಂದಿದ್ದಿ. ಅಕಿ ಏನಂತಾಳೋ ನೋಡೂಣು."

ರೊಟ್ಟಿ ತಟ್ಟುವ ಸದ್ದು ನಿಂತಿರಲಿಲ್ಲ. ಪರಮಾನಂದ ಅವ್ವನ ಅಂಗೈ ಹಿಟ್ಟಿನ ಮೇಲೆ ಏಳುವುದನ್ನೂ ಬೀಳುವುದನ್ನೂ ನೋಡಿದ. ಅದರೊಳಗಿನ ಗುಲಾಬಿ ಅಲೆಗಳನ್ನು ಅವಳು ಕಂಡಿಲ್ಲ, ಅವಳವ್ವ ಕಂಡಿಲ್ಲ. "ಯವ್ವಾ," ಎಂದ, "ನಿನ್ನ ಕೈ ಒಳಗ ಏನೈತಿ ಅಂತ ನೋಡ್ತೀಯೇನ? ಡಾಕ್ಟರಮ್ಮ ಕರದಾರ."

ಚನ್ನಕ್ಕ ಈಗ ತಲೆ ಎತ್ತಿದಳು. "ಕೊಯ್ಯತಾರೇನೋ?"

"ಇಲ್ಲವಾ. ನಂದು ಕೊಯ್ದಾರಲ್ಲ, ಅದನ್ನ ನೋಡೂದು. ಎಲ್ಲಾ ಒಂದ ಅಂತ."

"ಹಂಗಾರ ಹೋಗೂಣು. ಇಳಕಲ್ ಸೀರಿ ಉಟ್ಟಗೊಂಡ ಬರತೀನಿ."

ಮುಂದಿನ ವಾರ ಅವಳು ಹೇಳಿದ ಹಾಗೆಯೇ ಇಳಕಲ್ ಸೀರೆಯುಟ್ಟು, ಮದುವೆಗೆ ಹೊರಟವಳಂತೆ ಹೂ ಮುಡಿದುಕೊಂಡು ಆಸ್ಪತ್ರೆಗೆ ಬಂದಳು. ಡಾಕ್ಟರ್ ಸುಕೃತಿ ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ ಮೂವರ ಕೈಗಳನ್ನೂ ಒಟ್ಟಿಗೆ ಇಡಿಸಿದರು. ಅಜ್ಜಿಯದು ಬಿರುಕುಬಿಟ್ಟ ಹೊಲದಂಥ ಅಂಗೈ, ಅಪ್ಪನದು ಹೆರೆದ ಗಾಯಗಳು ಮಾಯುತ್ತಿದ್ದ ಅಂಗೈ, ಅವೆರಡರ ನಡುವೆ ಒಂದು ಗಳಿಗೆಯೂ ನಿಲ್ಲದೆ ಬಟ್ಟೆಯನ್ನು ಎಳೆಯುವ ಪುಟ್ಟ ಹಳದಿ ಅಂಗೈ. ಫೋಟೋ ತೆಗೆಯಲು ಶೈಲಾ ಕೂಸಿನ ಮಣಿಕಟ್ಟು ಹಿಡಿದುಕೊಳ್ಳಬೇಕಾಯಿತು. ಆಮೇಲೆ ಚನ್ನಕ್ಕ ಸೂಕ್ಷ್ಮದರ್ಶಕಕ್ಕೆ ಬಗ್ಗಿ, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು, ಬಹಳ ಹೊತ್ತು ನೋಡಿದಳು. ಇದು ಹೊಸ ಜೀವಕೋಶ, ಇದು ಎಳೆ ಎಂದು ಡಾಕ್ಟರು ಹೇಳುತ್ತಿದ್ದುದು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ಏನ ಚಂದೈತವ್ವಾ!" ಎಂದಳು ಕೊನೆಗೆ. "ಇಂಥಾದ್ದು ಕೈಯಾಗ ಇಟ್ಕೊಂಡು ನಾ ಭಾಂಡೆ ತಿಕ್ಕೇನಲ್ಲ!"

ಡಾಕ್ಟರ್ ಸುಕೃತಿ ಕುರ್ಚಿಯ ಹಿಂದಕ್ಕೆ ವಾಲಿ ನಕ್ಕರು. "ನಮ್ಮ ಸ್ಟೂಡೆಂಟ್ಸ್ ಯಾರೂ ಹೀಗೆ ಹೇಳಿಲ್ಲ ಅಜ್ಜಿ," ಎಂದರು.

ಮುಲಾಮಿನ ಕಿಟಕಿಯ ಮುಂದೆ ಉದ್ದನೆಯ ಸಾಲಿತ್ತು. ಕಾರಿಡಾರಿನ ಬೆಂಚಿನ ಮೇಲೆ ಚನ್ನಕ್ಕ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು, "ಚಪ್ಪಾಳೆ ಹಾಕು, ನಮ್ಮವ್ವ, ಚಪ್ಪಾಳೆ" ಎಂದು ತಟ್ಟಿ ತೋರಿಸಿದಳು. ನೀಲಾ ಅಜ್ಜಿಯ ಕೈಗಳನ್ನು ಗಂಭೀರವಾಗಿ ನೋಡಿದಳು. ತನ್ನ ಕೈಗಳನ್ನು ನೋಡಿದಳು. ಒಂದು ಸಲ ಅವು ಒಂದನ್ನೊಂದು ತಪ್ಪಿಸಿಕೊಂಡು ಆಚೀಚೆ ಹೋದವು. ಇನ್ನೊಂದು ಸಲ ಕೂಡಿದವು. ಟಪ್ ಎಂದಿತು. ಮರದ ಹಲಗೆ ಬಿದ್ದಂಥ ಸದ್ದು; ಅಷ್ಟು ಸಣ್ಣ ಕೈಗಳಿಂದ ಅಂಥ ಸದ್ದು ಬಂದೀತೆಂದು ಯಾರೂ ಎಣಿಸಿರಲಿಲ್ಲ. ಪರಮಾನಂದನಿಗೆ ಆ ಸದ್ದು ಗೊತ್ತಿತ್ತು. ಹೈಸ್ಕೂಲಿನ ವಾರ್ಷಿಕ ಗ್ಯಾದರಿಂಗಿನಲ್ಲಿ ತನ್ನ ಗೆಳೆಯನಿಗೆ ಬಹುಮಾನ ಬಂದಾಗ ಮೈಮರೆತು ತಟ್ಟಿದ್ದ. ಸಭೆಯೆಲ್ಲ ತಿರುಗಿ ನೋಡಿತ್ತು, ಕಟ್ಟಿಗೆ ಒಡೆಯುವವರು ಯಾರೋ ಒಳಗೆ ಬಂದರೆಂದು ಮಾಸ್ತರೊಬ್ಬರು ಅಂದದ್ದಕ್ಕೆ ನಗೆಯೆದ್ದಿತ್ತು. ಅಂದಿನಿಂದ ಅವನು ಎಲ್ಲರ ನಡುವೆ ಅಂಗೈ ಅಂಗೈಗೆ ತಾಗದಂತೆ, ಬೆರಳ ತುದಿಯನ್ನಷ್ಟೇ ತಾಗಿಸಿ ಚಪ್ಪಾಳೆ ತಟ್ಟಿದಂತೆ ಮಾಡುತ್ತಿದ್ದ.

ನೀಲಾ ತನ್ನ ಸದ್ದಿಗೆ ತಾನೇ ಬೆಚ್ಚಿ, ಅಳಬೇಕೋ ನಗಬೇಕೋ ತಿಳಿಯದೆ, ಕೆಳತುಟಿ ಮುಂದೆ ಮಾಡಿ ಅಪ್ಪನ ಕಡೆ ನೋಡಿದಳು. ಸಾಲಿನಲ್ಲಿದ್ದ ಪರಮಾನಂದ ಚೀಟಿಯನ್ನು ಬಾಯಲ್ಲಿ ಕಚ್ಚಿಕೊಂಡು ಎರಡೂ ಕೈ ಅಗಲಿಸಿ ಒಂದು ಚಪ್ಪಾಳೆ ಹೊಡೆದ. ಅದು ಕಾರಿಡಾರಿನ ಆ ತುದಿಗೆ ಹೋಗಿ ತಾಗಿ ತಿರುಗಿ ಬಂತು. ಜನ ಹೊರಳಿ ನೋಡಿದರು. ಕೂಸು ಕೇಕೆ ಹಾಕಿತು. ಅವನು ಸಾಲು ಬಿಟ್ಟು ಮಗಳ ಎದುರಿಗೆ ಬಂದು, ಇನ್ನೂ ಜೋರಾಗಿ, ಮತ್ತೆ ತಟ್ಟಿದ.